ಆರು ತಿಂಗಳ ಗಡುವು

ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಅವರ ಬಾಲ್ಯದ ಒಂದು ಪ್ರಸಂಗ ಎಲ್ಲರ ಬಾಯಲ್ಲೂ ಓಡಾಡಿತು. ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸುವಾಗ ಶಾಲೆಯವರು ಷರತ್ತು ಹಾಕಿದ್ದರು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು.

ಇದನ್ನು ಪವಾಡವೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ನನಗೆ ಮಾತ್ರ ಆ ಹುಡುಗಿಯ ಜಾಣತನಕ್ಕಿಂತ ಆ ಷರತ್ತೇ ಹೆಚ್ಚು ಕಾಡುತ್ತದೆ. ಶಾಲೆಯನ್ನು ದೂರಲಾರೆ, ಬಾಗಿಲು ತೆರೆದದ್ದೂ ಅದೇ ಶಾಲೆ. ಆದರೆ ಮಗು ಬರೆದದ್ದನ್ನು ಓದಿದ ಮೇಲೆ ಹುಟ್ಟುವ ಅನುಮಾನ ಒಂದು ಬಗೆಯದು. ಅದು ಗುರುವಿನ ಹಕ್ಕು. ಕಾಗುಣಿತ ತಪ್ಪಿದರೆ ತಿದ್ದಬೇಕು, ವಾಕ್ಯ ಸಡಿಲವಾದರೆ ಗದರಬೇಕು. ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದ ಕ್ಷಣಕ್ಕೇ ಹುಟ್ಟುವ ಅನುಮಾನ ಇನ್ನೊಂದು ಬಗೆಯದು. ಅದಕ್ಕೆ ಮಗು ಏನು ಉತ್ತರ ಕೊಟ್ಟೀತು?

'ಮುಸ್ಲಿಮರಾಗಿದ್ದೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!' ಈ ಮೆಚ್ಚುಗೆಯನ್ನು ಒಮ್ಮೆಯೂ ಕೇಳಿಸಿಕೊಳ್ಳದ ಮುಸ್ಲಿಂ ಕನ್ನಡಿಗರು ವಿರಳ. ಹೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ'ವನ್ನು ಹಾಡಿ ಬೆಳೆದವರೇ ಹೀಗೆ ಹೇಳುವಾಗ ನಗುವುದೋ ಸುಮ್ಮನಿರುವುದೋ ತಿಳಿಯುವುದಿಲ್ಲ. ನಿಸಾರ್ ಅಧ್ಯಕ್ಷತೆ ವಹಿಸಿದ್ದ 73ನೇ ಸಾಹಿತ್ಯ ಸಮ್ಮೇಳನ ನಡೆದದ್ದೂ ಅದೇ ಶಿವಮೊಗ್ಗದಲ್ಲಿ ಎಂಬುದು ಬೇರೆ ಮಾತು.

ಹಾಗೆಂದು ಎಲ್ಲವನ್ನೂ ಮೇಷ್ಟ್ರ ತಲೆಗೆ ಕಟ್ಟಿ ನಾವು ಜಾರಿಕೊಳ್ಳುವಂತಿಲ್ಲ. ಸಾರಾ ಅಬೂಬಕ್ಕರ್ ಅವರನ್ನು ನೋಡಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರು ಅಲ್ಲಿನ ಮುಸ್ಲಿಂ ಹುಡುಗಿಯರಲ್ಲಿ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗರಲ್ಲಿ ಒಬ್ಬರು. ಶಾಲೆ ಮುಗಿಯುತ್ತಲೇ ಮದುವೆ. ಮೊದಲ ಬರಹ 'ಲಂಕೇಶ್ ಪತ್ರಿಕೆ'ಯಲ್ಲಿ ಅಚ್ಚಾದದ್ದು 1981ರಲ್ಲಿ, ನಲವತ್ತೈದರ ಆಸುಪಾಸಿನಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾದದ್ದು 1984ರಲ್ಲಿ. ನಡುವಿನ ಇಪ್ಪತ್ತೈದು ಮೂವತ್ತು ವರ್ಷಗಳ ಲೆಕ್ಕವನ್ನು ಯಾವ ಶಾಲೆಯಿಂದಲೂ ಕೇಳಲಾಗದು. ಹೆಣ್ಣುಮಗಳು ಓದಿ, ಬರೆದು ಏನಾಗಬೇಕಿದೆ ಎಂಬ ಪ್ರಶ್ನೆ ನಮ್ಮ ಮನೆಗಳ ಪಡಸಾಲೆಯದು. ಬಾನು ಅವರಿಗೂ ಈ ಪರೀಕ್ಷೆ ತಪ್ಪಲಿಲ್ಲ. ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತಾಡಿದ್ದಕ್ಕೆ 2000ನೇ ಇಸವಿಯಲ್ಲಿ ಅವರಿಗೆ ಬಹಿಷ್ಕಾರ ಹಾಕಿದವರು ನಮ್ಮವರೇ. ಇಪ್ಪತ್ತೈದು ವರ್ಷಗಳ ನಂತರ, 77ರ ವಯಸ್ಸಿನಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ತಕರಾರು ತೆಗೆದವರು ಬೇರೆಯವರು. ಆ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ ತಿರಸ್ಕೃತವಾಯಿತು. ಎಂಟನೆಯ ವಯಸ್ಸಿನ ಗಡುವಾದರೂ ಆರು ತಿಂಗಳಿಗೆ ಮುಗಿಯುವಂಥದ್ದಾಗಿತ್ತು.

ಇನ್ನು ಕಥೆಗಳ ಮಾತು. ಇಂಥ ಬರಹಗಳು ತೀರ ನೇರ, ವಾಚ್ಯ, ಕಲೆಗಾರಿಕೆ ಕಡಿಮೆ ಎಂಬ ಆಕ್ಷೇಪವಿದೆ. ಕೆಲವು ಕಥೆಗಳ ಮಟ್ಟಿಗೆ ಅದು ನಿಜ. ಕೆಡುಕನು ಕೆಡುಕನಾಗಿಯೇ ಬಂದು ಹೋಗುವ ಕಡೆ ನನಗೂ ಬೇಸರವಾಗಿದೆ. ಆದರೆ 'ಎದೆಯ ಹಣತೆ'ಯನ್ನು ಓದಿ. ಗಂಡ ಇನ್ನೊಬ್ಬಳ ಹಿಂದೆ ಹೋದನೆಂದು ಹಸುಗೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರೇ ವಾಪಸ್ಸು ಬಿಟ್ಟುಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಾಗ ತಡೆಯುವವಳು ಹಿರಿಮಗಳು ಸಲ್ಮಾ. ಇಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ತವರಿನವರು ಕ್ರೂರಿಗಳೂ ಅಲ್ಲ, ಮರ್ಯಾದಸ್ಥರು. ಕಥೆ ಚುಚ್ಚುವುದು ಅದಕ್ಕೇ. 'ಕರಿ ನಾಗರಗಳು' ಕಥೆಯಲ್ಲಿ ಮಸೀದಿಯ ಮುತವಲ್ಲಿಯ ಮುಂದೆ ನ್ಯಾಯಕ್ಕಾಗಿ ಕಾಯುವ ಹೆಂಗಸಿನದೂ ಇದೇ ಪಾಡು. ಗಿರೀಶ್ ಕಾಸರವಳ್ಳಿಯವರು ಅದನ್ನು 2004ರಲ್ಲಿ 'ಹಸೀನಾ' ಚಿತ್ರವಾಗಿಸಿದಾಗ ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಈ ಕಥೆಗಳ ಭಾಷೆ ಯಾವುದು? ಕನ್ನಡವೇ. ಆದರೆ ಅದರೊಳಗೆ ದಖನಿ ಉಸಿರಾಡುತ್ತದೆ, ಅರಬ್ಬಿಯ ಪದಗಳು ಅಡುಗೆಮನೆಯ ಪಾತ್ರೆಗಳಷ್ಟು ಸಹಜವಾಗಿ ಬರುತ್ತವೆ. ಬೊಳುವಾರರ ಮುತ್ತುಪ್ಪಾಡಿಯ ಕಥೆಗಳಲ್ಲಿ ಬ್ಯಾರಿ ಮನೆಗಳ ಮಾತು ಸುಳಿಯುವುದೂ ಹೀಗೆಯೇ. ಶಾಲೆಯ ನಿಬಂಧದಲ್ಲಿ ಇಂಥ ಪದ ಕಂಡರೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. 'ಮನೆಯ ಮಾತು ಮನೆಯಲ್ಲಿರಲಿ' ಎಂದು ತಿದ್ದಿಸಿಕೊಂಡ ಮಕ್ಕಳು ಆಮೇಲೆ ಗ್ರಂಥಸ್ಥ ಕನ್ನಡದಲ್ಲಿ ತಪ್ಪಿಲ್ಲದೆ, ಆದರೆ ಜೀವವಿಲ್ಲದೆ ಬರೆಯುವುದನ್ನು ಕಾಲೇಜು ಸಂಚಿಕೆಗಳಲ್ಲಿ ಬೇಕಾದಷ್ಟು ಕಾಣಬಹುದು. ಮನೆಯಲ್ಲಿ 'ಅಮ್ಮಿ' ಎನ್ನುವ ಹುಡುಗ ಕಥೆಯಲ್ಲಿ 'ತಾಯಿಯವರು' ಎಂದು ಬರೆಯುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು.

1990ರಿಂದ 2023ರ ನಡುವೆ ಬರೆದ ಹನ್ನೆರಡು ಕಥೆಗಳನ್ನು 'ಹಾರ್ಟ್ ಲ್ಯಾಂಪ್' ಎಂದು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಇಂಥ ಪದಗಳನ್ನು ಹಾಗೆಯೇ ಉಳಿಸಿಕೊಂಡರು. ಪರಕೀಯವೆಂದು ತೋರಿಸುವ ಓರೆ ಅಕ್ಷರಗಳೂ ಇಲ್ಲ, ಅಡಿಟಿಪ್ಪಣಿಗಳೂ ಇಲ್ಲ. ಅರ್ಥವಾಗದಿದ್ದರೆ ಓದುಗರೇ ಕಷ್ಟಪಡಲಿ ಎಂಬ ಧೈರ್ಯ ಅದು. ಲಂಡನ್ನಿನ ತೀರ್ಪುಗಾರರು ಕಷ್ಟಪಟ್ಟು ಓದಿದರೆಂದು ಕಾಣುತ್ತದೆ. ನಮ್ಮ ಹೈಸ್ಕೂಲುಗಳ ನಿಬಂಧದ ಪುಸ್ತಕಗಳಿಗೆ ಆ ಉದಾರತೆ ಯಾವಾಗ ಸಿಕ್ಕೀತೋ.

ಇನ್ನೊಂದು ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ. ಗೆದ್ದವರ ಕಥೆಯನ್ನಷ್ಟೇ ನಾವು ಹೇಳುತ್ತೇವೆ. ಆರು ತಿಂಗಳಲ್ಲಿ ಕಲಿಯಲಾಗದೆ, ಏಳನೆಯ ತಿಂಗಳಲ್ಲಿ ಕಲಿಯಬಹುದಾಗಿದ್ದ ಮಗುವೂ ಎಲ್ಲೋ ಇದ್ದಿರಬೇಕು. ಅದರ ಕೈಯಿಂದ ಸ್ಲೇಟು ತೆಗೆದುಕೊಂಡು ಮನೆಗೆ ಕಳುಹಿಸಿದವರು ಯಾರು ಎಂಬುದು ಯಾವ ದಾಖಲೆಯಲ್ಲೂ ಇಲ್ಲ.