ದಂಡಿನ ಬಾಳು ಮತ್ತು ಗುಹ್ಯರೋಗ: ಒಂದು ಹಳೆಯ ಗ್ರಂಥದ ವಿಮರ್ಶೆ

ಎಲಿಜಬೆತ್ ಆಂಡ್ರೂ ಮತ್ತು ಕ್ಯಾಥರೀನ್ ಬುಶ್ನೆಲ್ ಎಂಬ ಅಮೆರಿಕದ ಇಬ್ಬರು ಮಹಿಳೆಯರು 19ನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ‘ದಿ ಕ್ವೀನ್ಸ್ ಡಾಟರ್ಸ್ ಇನ್ ಇಂಡಿಯಾ’ ಎಂಬ ಸಣ್ಣ ಗ್ರಂಥವು ಸಾಕ್ಷ್ಯವಾಗಿ ಪ್ರಸಿದ್ಧವಾದುದು. ಅದರ ವಾದವೆಷ್ಟು ದೃಢವಾದುದೆಂಬುದನ್ನು ಇಲ್ಲಿ ಪರೀಕ್ಷಿಸಬೇಕಾಗಿದೆ.

ಗ್ರಂಥಕರ್ತ್ರಿಯರು 1891-92ರಲ್ಲಿ ಉತ್ತರ ಹಿಂದೂಸ್ಥಾನದ ಹಲವು ದಂಡುಗಳನ್ನು ಸುತ್ತಿ, ಗೋರಾ ಪಲ್ಟನ್ನುಗಳಿಗಾಗಿ ಇಡಲ್ಪಟ್ಟಿದ್ದ ಸ್ತ್ರೀಯರನ್ನು ಸ್ವತಃ ಕಂಡು ವಿಚಾರಿಸಿದರು. (ದಂಡೆಂದರೆ ಸೈನ್ಯವೂ ಹೌದು, ಅದು ಬೀಡುಬಿಟ್ಟ ಊರೂ ಹೌದು, ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.) 1868ರ ಸಾಂಕ್ರಾಮಿಕ ರೋಗಗಳ ಕಾನೂನು 1888ರಲ್ಲಿ ರದ್ದಾಗಿದ್ದರೂ ಹಳೆಯ ಪದ್ಧತಿಯು ನಡೆದೇ ಇತ್ತೆಂದು 1893ರಲ್ಲಿ ಅವರು ನುಡಿದ ಸಾಕ್ಷ್ಯವು ನಿಂತಿತು. ಮೊದಲು ಅದನ್ನು ಅಲ್ಲಗಳೆದ ಲಾರ್ಡ್ ರಾಬರ್ಟ್ಸ್ ತರುವಾಯ ಕ್ಷಮೆ ಬೇಡಿದರು. ಈ ಭಾಗದಲ್ಲಿ ಗ್ರಂಥದ ಪ್ರಾಮಾಣ್ಯವು ಪ್ರಶ್ನಾತೀತವಾದುದು.

ಆದರೆ ರೋಗದ ಕಾರಣವನ್ನು ಹೇಳುವಲ್ಲಿ ಗ್ರಂಥವು ದುರ್ಬಲವಾಗುತ್ತದೆ. ಸರಕಾರದ ವೈದ್ಯರು ಸ್ತ್ರೀಯನ್ನೇ ರೋಗದ ಮೂಲವೆಂದರು. ಇವರು ಪಾಪವನ್ನೂ ಪಾಪಕ್ಕೆ ಪರವಾನಗಿಯಿತ್ತ ಅಧಿಕಾರಿಯನ್ನೂ ಮೂಲವೆಂದರು. ಸೈನಿಕನ ಕಸುಬೆಂತಹುದೆಂಬ ಪ್ರಶ್ನೆಗೆ ಎರಡು ಪಕ್ಷಗಳಲ್ಲಿಯೂ ದೊರೆತ ಸ್ಥಳ ಅಲ್ಪ. 1870ರ ಕಾನೂನಿನಿಂದ ಸೇವೆಯ ಅವಧಿ ಕಿರಿದಾಗಿ, ಪಲ್ಟನ್ನುಗಳಲ್ಲಿ ಎಳೆಯ ಅವಿವಾಹಿತರು ಹೆಚ್ಚಿದರು. ವಿವಾಹಕ್ಕೆ ಮೇಲಧಿಕಾರಿಯ ಅಪ್ಪಣೆ ಬೇಕು. ಅದು ಕೆಲವರಿಗಷ್ಟೇ ಲಭ್ಯ. ಮುಂಜಾನೆಯ ಕವಾಯತು ಮುಗಿದರೆ ಬೇಸಗೆಯ ದೀರ್ಘವಾದ ಹಗಲು ಬಿಡುವು. ಕೈಯಲ್ಲಿ ಸಂಬಳ, ಹತ್ತಿರದಲ್ಲಿ ಮದ್ಯ. ಅದೇ ಸರಕಾರದ ದೇಶೀಯ ಸಿಪಾಯಿಗಳಲ್ಲಿ ಈ ರೋಗವು ಬಹಳ ಕಡಮೆಯಾಗಿತ್ತು. ಅವರಲ್ಲಿ ವಿವಾಹಿತರೇ ಬಹುಮಂದಿ. ಹವೆಯೂ ಬಜಾರವೂ ಇಬ್ಬರಿಗೂ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು.

ಶಿಸ್ತೂ ರೋಗವನ್ನು ಪೋಷಿಸಿತು. ಸೈನಿಕರಿಗೆ ಅಸಹ್ಯವೆಂದು ಅವರ ದೇಹಪರೀಕ್ಷೆಯನ್ನು ಬ್ರಿಟಿಷ್ ಸೈನ್ಯವು 1859ರಲ್ಲಿಯೇ ಕೈಬಿಟ್ಟಿತು. ಸ್ತ್ರೀಯರ ಅಸಹ್ಯವನ್ನು ಕೇಳುವವರಿರಲಿಲ್ಲ. 1873ರಲ್ಲಿ ರೋಗಿಯ ಸಂಬಳವನ್ನು ಹಿಡಿಯುವ ಆಜ್ಞೆ ಹೊರಟಿತು. ಇಂತಹ ದಂಡನೆಗೆ ಅಂಜಿದವನು ರೋಗವನ್ನು ಬಚ್ಚಿಡುತ್ತಾನೆ. ಲೆಕ್ಕದಲ್ಲಿ ರೋಗ ಇಳಿಯುತ್ತದೆ, ಮೈಯಲ್ಲಿ ಬೆಳೆಯುತ್ತದೆ.

ಅಂಕಿಗಳ ವಿಷಯದಲ್ಲಿ ಎಚ್ಚರವಿರಬೇಕು. 1895ರಲ್ಲಿ ಗೋರಾ ಸೈನ್ಯದಲ್ಲಿ ಸಾವಿರಕ್ಕೆ 522 ಎಂಬ ಸಂಖ್ಯೆ ಬಂದೊಡನೆ ಕಾನೂನಿನ ಪಕ್ಷದವರು ಅದನ್ನು ಆಯುಧವಾಗಿ ಹಿಡಿದರು. ಅದು ಆಸ್ಪತ್ರೆಗೆ ಸೇರಿದ ಸಲಗಳ ಎಣಿಕೆಯೇ ಹೊರತು ಮನುಷ್ಯರದಲ್ಲ. ಒಬ್ಬನೇ ಮೂರು ಸಲ ಸೇರಿದರೆ ಮೂರು. ಮುಂದೆ 1909ರ ವೇಳೆಗೆ ಸಂಖ್ಯೆಯು ನೂರಕ್ಕಿಂತ ಕೆಳಗಿಳಿಯಿತು. ಅಷ್ಟರಲ್ಲಿ 1897ರ ಹೊಸ ನಿಯಮಗಳೂ ಬಂದಿದ್ದುವು, ಬ್ಯಾರಕ್ಕುಗಳಲ್ಲಿ ಆಟಪಾಟ, ಪಾನನಿರೋಧಗಳೂ ಹಬ್ಬಿದ್ದುವು. ಆದುದರಿಂದ ಆ ಇಳಿತವನ್ನು ಕಾನೂನಿನ ಪಕ್ಷದವರಾಗಲಿ ನಮ್ಮ ಗ್ರಂಥಕರ್ತ್ರಿಯರ ಪಕ್ಷದವರಾಗಲಿ ತಮ್ಮದೇ ಜಯವೆಂದುಕೊಳ್ಳಲು ಆಧಾರವಿಲ್ಲ.