ಕಸುಬು ಹೊತ್ತ ಹೆಸರು

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ‘ಏನು ಕೆಲಸ?’ ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ‘ನಮ್ದೇ ಮಗ್ಗ ಐತೆ’ ಎನ್ನುವವರು ಕೆಲವರು, ‘ಮಗ್ಗಕ್ಕೆ ಹೋಗ್ತೀನಿ’ ಎನ್ನುವವರು ಕೆಲವರು. ನೇಯುವುದು ಒಂದೇ ಬಗೆಯ ಸೀರೆ. ಮೊದಲ ಮಾತಿನಲ್ಲಿ ಒಡೆತನವಿದೆ, ಎರಡನೆಯದರಲ್ಲಿ ಕೂಲಿ. ದುಡಿಮೆ ಮನುಷ್ಯನಿಗೆ ಎಂಥ ಗುರುತು ಕೊಡುತ್ತದೆ ಎಂಬುದನ್ನು ಈ ಅಂತರದಲ್ಲಿ ನಿಂತೇ ಅಳೆಯಬೇಕು.

ಈ ಅಂತರ ಇಂದಿನದಲ್ಲ. ರೋಮ್ ನಗರದ ಪೋರ್ಟಾ ಮಜ್ಜೋರೆ ಹೆಬ್ಬಾಗಿಲ ಬಳಿ ಯೂರಿಸೇಸಿಸ್ ಎಂಬ ರೊಟ್ಟಿಗಾರನ ಸಮಾಧಿಯಿದೆ, ಕ್ರಿ.ಪೂ. ಒಂದನೆಯ ಶತಮಾನದ್ದು. ಕ್ರಿ.ಪೂ. 44ರಲ್ಲಿ ರೋಮಿನ ಚಿಂತಕ ಸಿಸೆರೊ, ಕೂಲಿಯೆಂಬುದೇ ಗುಲಾಮಗಿರಿಯ ಮುಂಗಡ ಎಂಬರ್ಥದಲ್ಲಿ ದುಡಿಯುವವರನ್ನು ಹಳಿದು ಬರೆದಿದ್ದ. ಅಂಥ ಕಾಲದಲ್ಲಿ ಈ ರೊಟ್ಟಿಗಾರ ತನ್ನ ಕಸುಬನ್ನು ಕಲ್ಲಿನಲ್ಲಿ ಕೆತ್ತಿಸಿದ: ಕಾಳು ಬೀಸುವುದು, ಹಿಟ್ಟು ನಾದುವುದು, ಒಲೆಗೆ ಇಡುವುದು, ರೊಟ್ಟಿ ತೂಗುವುದು. ಆ ಧೈರ್ಯ ದೊಡ್ಡದು. ಆದರೆ ಆ ದುಡಿಮೆಯಲ್ಲಿ ಹೆಸರಿರುವುದು ಧಣಿಗೆ ಮಾತ್ರ. ನಾದುತ್ತಿರುವ ಕೈಗಳು ಯಾರವೆಂದು ಕಲ್ಲು ಹೇಳುವುದಿಲ್ಲ.

ನಮ್ಮ ಹನ್ನೆರಡನೆಯ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಆಯ್ದಕ್ಕಿ ಲಕ್ಕಮ್ಮ: ಇಲ್ಲಿ ಕಸುಬೇ ಹೆಸರಿನ ಮುಂದೆ ನಿಂತಿದೆ. ಸಮಾಧಿ ಕಟ್ಟಿಸುವಷ್ಟು ಹಣ ಬೇಕಿರಲಿಲ್ಲ, ಆಯ್ದ ಅಕ್ಕಿಯೂ ಸಾಕಿತ್ತು. ಕೀಳೆನ್ನಿಸಿಕೊಂಡ ಕೆಲಸವನ್ನೇ ಕಾಯಕವೆಂದು ಎತ್ತಿ ಹಿಡಿದ ಈ ರೂಢಿಗೆ ಸಮನಾದದ್ದು ರೋಮಿನ ಕಲ್ಲುಗಳಲ್ಲಿ ನನಗೆ ಕಾಣುವುದಿಲ್ಲ.

ಹಾಗಿದ್ದೂ ಆ ಹೆಸರುಗಳನ್ನು ನಾವು ಕಿರಿದು ಮಾಡಿಕೊಂಡಿದ್ದೇವೆ. ಒಬ್ಬೊಬ್ಬ ಶರಣರೂ ಒಂದೊಂದು ಜಾತಿಯ ಜಯಂತಿಗೆ ಹಂಚಿಹೋಗಿದ್ದಾರೆ. ಮುದನೂರಿನ ನೇಕಾರ ಜೇಡರ ದಾಸಿಮಯ್ಯನನ್ನು ಇಂದು ಹೆಚ್ಚಾಗಿ ‘ದೇವರ ದಾಸಿಮಯ್ಯ’ನೆಂದು ಸ್ಮರಿಸುತ್ತಾರೆ. ಇಬ್ಬರೂ ಒಬ್ಬರೇ ಅಲ್ಲವೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಭಕ್ತಿಯಿಂದ ಕರೆಯುವುದು ತಪ್ಪಲ್ಲ. ಆದರೆ ಜೇಡನೆಂದರೆ ನೇಯುವವನು. ಆ ಪದ ಬಿಟ್ಟುಹೋದರೆ ಮಗ್ಗವೂ ಅದರೊಡನೆ ಹೋಗುತ್ತದೆ ಎಂಬುದು ನನ್ನ ಸಂಕಟ.

ದೊಡ್ಡಬಳ್ಳಾಪುರದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ವಿದ್ಯುತ್ ಮಗ್ಗದ ಮುಂದೆ ಈಗ ಹಲವು ಜಾತಿ, ಧರ್ಮಗಳವರು ನಿಲ್ಲುತ್ತಾರೆ. ಹುಟ್ಟಿನಿಂದ ನೇಕಾರರಾದ ಮನೆಯ ಮಗ ಬೇರೆ ಕೆಲಸ ಹಿಡಿದಿರಬಹುದು. ಹುಟ್ಟಿನಿಂದ ಅಲ್ಲದವನು ಹಗಲೂ ರಾತ್ರಿ ಲಾಳಿಯ ಸದ್ದಿನಲ್ಲಿ ನಿಂತಿರಬಹುದು. ‘ನೇಕಾರ’ ಎಂಬ ಪದ ಯಾರದು? ನೇಯುವವನದೇ. ಜೊತೆಗೆ ಎಳೆಗೆ ಎಳೆ ಜೋಡಿಸಿ ಅಚ್ಚು ಕೆಚ್ಚುವವರಿದ್ದಾರೆ, ನೂಲು ಹುರಿ ಮಾಡುವವರಿದ್ದಾರೆ. ಮನೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸರಿದ್ದಾರೆ. ಅವರ ದುಡಿಮೆ ಅಡುಗೆಯ ನಡುವೆ ‘ಮನೆಗೆಲಸ’ದ ಲೆಕ್ಕಕ್ಕೆ ಸೇರಿಬಿಡುತ್ತದೆ. ರೋಮಿನ ಕ್ಲಾಡಿಯಾ ಎಂಬಾಕೆಯ ಸಮಾಧಿಯ ಬರಹವೂ ಆಕೆ ಉಣ್ಣೆ ನೂತದ್ದನ್ನು ಒಳ್ಳೆಯ ಗೃಹಿಣಿಯ ಗುಣವೆಂದೇ ಎಣಿಸಿತು. ಎರಡು ಸಾವಿರ ವರ್ಷಗಳಾದರೂ ಲೆಕ್ಕ ಬದಲಾಗಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇದು: ಕಸುಬಿನ ಹೆಸರು ದುಡಿಯುವವರು ತಾವಾಗಿ ಹೊತ್ತಾಗ ಗೌರವ, ಹುಟ್ಟು ಹೊರಿಸಿದಾಗ ಹೊರೆ. ಅಂಗಡಿಯ ಹೆಸರು ಹೊತ್ತು ಮಾರಾಟವಾಗುವ ಸೀರೆಯ ಮಡಿಕೆಯಲ್ಲಿ ಒಂದು ಸಣ್ಣ ಚೀಟಿಗೆ ಜಾಗವಿದೆ. ನೇಯ್ದವರು, ಕೆಚ್ಚಿದವರು, ಕಂಡಿಕೆ ಸುತ್ತಿದವರು, ಮೂವರ ಹೆಸರೂ ಅದರಲ್ಲಿ ಹಿಡಿಯುತ್ತವೆ.