ಎಲೆ ಎಲೆಗೂ ಬೇರೆ ಕೈ

‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡಿನಾಟದ ಮೊದಲ ಮುದ್ರಣದ ಎಲೆಗಳನ್ನು ಆಡುವುದಕ್ಕಲ್ಲದೆ ಸುಮ್ಮನೆ ನೋಡುವುದಕ್ಕೆಂದೇ ಹರಡಿಕೊಂಡು ಕೂರಬೇಕು. 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಎತ್ತರದ ಎಲೆ. ಅದರ ಮೇಲರ್ಧದಲ್ಲಿ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಿಟಕಿ. ಒಂದು ಕಿಟಕಿಯಲ್ಲಿ ತೇವ ಆರದಂತಿರುವ ಜಲವರ್ಣ, ಪಕ್ಕದ್ದರಲ್ಲಿ ಕೂದಲೆಳೆಯಷ್ಟು ಸಣ್ಣ ಶಾಯಿಗೆರೆ, ಅದರಾಚೆ ದಪ್ಪ ಬಣ್ಣದ ರಾಕ್ಷಸ. ಒಂದೇ ಆಟದ ಎಲೆಗಳಾದರೂ ಒಂದೊಂದರ ಕೈಬರಹವೂ ಬೇರೆ. ಈ ಬೇರೆತನದಲ್ಲೇ ಅವುಗಳ ಸೊಗಸಿದೆ.

ಆ ಸೊಗಸು ಹುಟ್ಟಿದ್ದು ಬಡತನದಿಂದ. ಆಟವನ್ನು ಹೊರತಂದ ‘ವಿಝಾರ್ಡ್ಸ್ ಆಫ್ ದ ಕೋಸ್ಟ್’ ಆಗ ಅಮೆರಿಕದ ಸಿಯಾಟಲ್ ಬಳಿ ಮನೆಯೊಂದರ ನೆಲಮಾಳಿಗೆಯಲ್ಲಿದ್ದ ಪುಟ್ಟ ಕಂಪನಿ. ಸ್ಥಾಪಕ ಪೀಟರ್ ಆಡ್ಕಿಸನ್ ಬೋಯಿಂಗ್ ಉದ್ಯೋಗಿ. ಆಟ ಕಟ್ಟಿದ ರಿಚರ್ಡ್ ಗಾರ್ಫೀಲ್ಡ್ ಗಣಿತ ಓದಿದವರು. ಆಟಕ್ಕೆ ಸುಮಾರು ಮುನ್ನೂರು ಚಿತ್ರ ಬೇಕಿತ್ತು. ಹೆಸರುವಾಸಿ ಕಲಾವಿದರನ್ನು ಕರೆಸಲು ದುಡ್ಡಿರಲಿಲ್ಲ. ಕಲಾ ನಿರ್ದೇಶಕ ಜೆಸ್ಪರ್ ಮಿರ್ಫೋರ್ಸ್ ತಾವು ಓದಿದ ಸಿಯಾಟಲ್‌ನ ಕಾರ್ನಿಶ್ ಕಲಾ ಕಾಲೇಜಿನತ್ತ ತಿರುಗಿದರು. ಅಲ್ಲಿನ ಗೆಳೆಯರು, ಆ ಗೆಳೆಯರ ಪರಿಚಯದವರು, ಚಿತ್ರ ಬರೆಯುತ್ತಿದ್ದ ಇನ್ನಷ್ಟು ಜನ ಹೀಗೆ ಒಬ್ಬೊಬ್ಬರಾಗಿ ಸೇರಿ ಇಪ್ಪತ್ತೈದು ಮಂದಿಯಾದರು. ಕೈಗೆ ಕೊಡುವ ಹಣ ಕಡಿಮೆಯೆಂದು ಕಂಪನಿಯ ಷೇರು, ರಾಯಧನದ ಮಾತಾಯಿತು. ಮೂಲಚಿತ್ರ ಬರೆದವರ ಬಳಿಯೇ ಉಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹೀಗೇ ಬರೆಯಿರಿ ಎಂಬ ಒತ್ತಾಯವಿರಲಿಲ್ಲ. ಎಷ್ಟೋ ಸಲ ಕಲಾವಿದರ ಕೈಗೆ ಸಿಕ್ಕಿದ್ದು ಎಲೆಯ ಹೆಸರು ಮಾತ್ರ.

ಹೆಸರೊಂದನ್ನೇ ಹಿಡಿದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮಿರ್ಫೋರ್ಸ್ ಸ್ವತಃ ಬರೆದ ‘ವರ್ಡ್ ಆಫ್ ಕಮಾಂಡ್’ ನೋಡಬೇಕು. ಕಿಟಕಿಯ ತುಂಬ ಕತ್ತಲು, ಕತ್ತಲೊಳಗೆ ಎರಡು ಕಣ್ಣು. ಮುಖವಿಲ್ಲ, ಮೈಯಿಲ್ಲ, ಹಿನ್ನೆಲೆಯಿಲ್ಲ. ಈ ಎಲೆಯನ್ನು ಇಳಿಸಿದವರು ಎದುರಾಳಿಯ ಕೈಯಲ್ಲಿರುವ ಎಲೆಗಳನ್ನೆಲ್ಲ ನೋಡಿ, ತಾವು ಆರಿಸಿದ್ದನ್ನೇ ಅವರಿಂದ ಆಡಿಸಬಹುದು. ನಮ್ಮ ಮನಸ್ಸಿನೊಳಕ್ಕೆ ಬೇರೆ ಯಾರೋ ಇಣುಕಿದ ಅನುಭವವನ್ನು ಇದಕ್ಕಿಂತ ಕಡಿಮೆ ಗೆರೆಗಳಲ್ಲಿ ಹೇಳುವುದು ಕಷ್ಟ. ಚಿತ್ರ ಇಷ್ಟು ಚಿಕ್ಕದಿರುವಾಗ ಏನನ್ನು ಬಿಡಬೇಕೆಂಬ ತಿಳಿವೇ ದೊಡ್ಡ ಕೌಶಲ.

‘ಸ್ಟೇಸಿಸ್’ ಎಂಬ ಎಲೆಯ ಚಿತ್ರ ಇನ್ನೊಂದೇ ಲೋಕದ್ದು. ಬರೆದವರು ಸಿಯಾಟಲ್‌ನ ಹಿರಿಯ ಚಿತ್ರಕಾರ್ತಿ ಫೇ ಜೋನ್ಸ್. ಗಾರ್ಫೀಲ್ಡ್‌ಗೆ ಅವರು ಸಂಬಂಧದಲ್ಲಿ ಅತ್ತೆಯೋ ಚಿಕ್ಕಮ್ಮನೋ ಆಗಬೇಕು. ಅವರು ಈ ಆಟಕ್ಕೆ ಬರೆದದ್ದು ಇದೊಂದನ್ನೇ. ಡ್ರ್ಯಾಗನ್ನು, ಖಡ್ಗ, ಕೋಟೆಗಳ ನಡುವೆ ಈ ಚಿತ್ರದ ಆಕೃತಿಗಳು ಕನಸಿನಿಂದ ಎದ್ದು ಬಂದಂತೆ, ಒಂದರ ಗೊಡವೆ ಒಂದಕ್ಕಿಲ್ಲದಂತೆ ಇವೆ. ಮೊದಲ ನೋಟಕ್ಕೆ ಇದು ದಾರಿ ತಪ್ಪಿ ಬಂದ ಚಿತ್ರವೆನಿಸುತ್ತದೆ. ಆಟದ ನಿಯಮ ಗೊತ್ತಾದಾಗ ಅದರ ಔಚಿತ್ಯ ತಿಳಿಯುತ್ತದೆ. ಬಳಸಿದ ಎಲೆಯನ್ನು ಅಡ್ಡ ತಿರುಗಿಸಿ, ಮುಂದಿನ ಸರದಿಗೆ ನೆಟ್ಟಗೆ ಮಾಡಿಕೊಳ್ಳುವುದು ಇಲ್ಲಿನ ಕ್ರಮ. ‘ಸ್ಟೇಸಿಸ್’ ಬಿದ್ದರೆ ಯಾರ ಎಲೆಯೂ ನೆಟ್ಟಗಾಗದು. ಎಲ್ಲ ಇದ್ದಲ್ಲೇ ಸ್ತಬ್ಧ. ಕಾಲ ನಿಂತುಹೋದ ಆ ಸ್ಥಿತಿಗೆ ಈ ವಿಚಿತ್ರ ಮೌನವೇ ತಕ್ಕುದು.

ನಮ್ಮ ಮೈಸೂರಿನ ಗಂಜೀಫಾ ಕಂಡವರಿಗೆ ಎಲೆಯಷ್ಟು ಜಾಗದಲ್ಲಿ ಲೋಕವನ್ನು ಬರೆಯುವ ಕಲೆ ಹೊಸದಲ್ಲ. 120 ಎಲೆಗಳ ದಶಾವತಾರ ಗಂಜೀಫಾದಲ್ಲಿ ಮತ್ಸ್ಯ ಹೇಗಿರಬೇಕು, ವಾಮನನ ಕೈಯಲ್ಲಿ ಏನಿರಬೇಕು ಎಂಬ ಲಕ್ಷಣವನ್ನು ಪರಂಪರೆಯೇ ಹೇಳಿಕೊಟ್ಟಿದೆ. ಗೆರೆಯ ನಯ, ಬಣ್ಣದ ಹದ ಚಿತ್ರಕಾರನದು. ‘ಮ್ಯಾಜಿಕ್’ನ ಈ ಕಲಾವಿದರಿಗೆ ಅಂಥ ಆಸರೆ ಇರಲಿಲ್ಲ. ಹೆಸರು ಮಾತ್ರ ಇದ್ದಲ್ಲಿ ಲಕ್ಷಣವನ್ನೂ ಅವರೇ ಕಲ್ಪಿಸಬೇಕಿತ್ತು.

ಆ ಕಲ್ಪನೆ ಒಮ್ಮೆ ಆಟವನ್ನೇ ಬದಲಿಸಿತು. ಮಾರ್ಕ್ ಪೂಲ್ ಅವರು ಉಷ್ಣವಲಯದ ದ್ವೀಪವೊಂದನ್ನು ಬರೆಯಬೇಕಿತ್ತು. ಅವರು ತಂದ ಚಿತ್ರದಲ್ಲಿ ಒಂದು ಹಕ್ಕಿ ಎದ್ದು ಕಾಣುತ್ತಿತ್ತು. ದ್ವೀಪ ಹಿಂದೆ ಸರಿದಿತ್ತು. ಇನ್ನೊಮ್ಮೆ ಬರೆದು ತನ್ನಿ ಎಂದು ಹಿಂದಿರುಗಿಸಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಗಾರ್ಫೀಲ್ಡ್ ಆ ಹಕ್ಕಿಗಾಗಿಯೇ ‘ಬರ್ಡ್ಸ್ ಆಫ್ ಪ್ಯಾರಡೈಸ್’ ಎಂಬ ಹೊಸ ಎಲೆಯನ್ನು ಕಟ್ಟಿದರು. ಅದು ಹಾರುತ್ತದೆ, ಹೊಡೆಯುವ ಬಲವಿಲ್ಲ. ಆಟದ ಐದು ಬಣ್ಣಗಳಲ್ಲಿ ಬೇಕಾದ ಬಣ್ಣದ ಶಕ್ತಿಯನ್ನು ಕೊಡುತ್ತದೆ. ಚಿತ್ರದ ಗುಣವೇ ನಿಯಮವಾಯಿತು. ಮೂವತ್ತು ವರ್ಷ ದಾಟಿದರೂ ಆಟಗಾರರು ಅಕ್ಕರೆಯಿಂದ ಹಿಡಿಯುವ ಎಲೆಗಳಲ್ಲಿ ಅದೂ ಒಂದು.

1993ರ ಆಗಸ್ಟ್‌ನಲ್ಲಿ, ಬೆಲ್ಜಿಯಂನಲ್ಲಿ ಮುದ್ರಣಗೊಂಡ ಎಲೆಗಳು ಅಂಗಡಿಗೆ ಬಂದವು. ಸರಕು ಬಹು ಬೇಗ ಮುಗಿಯಿತು. ಕಂಪನಿ ಬೆಳೆಯಿತು. ಕಥೆ, ಉಡುಪು, ಊರುಕೇರಿಗಳ ರೂಪವನ್ನೆಲ್ಲ ಮೊದಲೇ ಗೊತ್ತುಮಾಡಿ ಕಲಾವಿದರಿಗೆ ಕೊಡುವ ಪದ್ಧತಿ ಬಂತು. ಇಂದಿನ ಎಲೆಗಳಲ್ಲಿ ಪರಿಣತಿ ಹೆಚ್ಚು, ಅಂಗರಚನೆ ಅಚ್ಚುಕಟ್ಟು. ಮೊದಲಿನವುಗಳಲ್ಲಿ ಕೈಕಾಲು ಸೊಟ್ಟಗಾದ ಚಿತ್ರಗಳೂ ಇವೆ. ಆದರೆ ಆ ಸೊಟ್ಟತನವೂ ಒಬ್ಬರದೇ ಕೈಯದು ಎಂಬ ಗುರುತು ಅಲ್ಲಿ ಸ್ಪಷ್ಟ.

ಮೊದಲ ದಿನದಿಂದಲೂ ಪ್ರತಿ ಎಲೆಯ ಕೆಳಗೆ ಕಲಾವಿದರ ಹೆಸರು ಅಚ್ಚಾಗಿದೆ. ಆಡುವವರು ಆ ಹೆಸರುಗಳನ್ನು ಓದುತ್ತ ಓದುತ್ತ ಕೈಯನ್ನು ಗುರುತಿಸಲು ಕಲಿತರು. ‘ಬ್ಲ್ಯಾಕ್ ಲೋಟಸ್’ ಎಂಬ ಕಪ್ಪು ತಾವರೆಯನ್ನು ಬರೆದವರು ಕ್ರಿಸ್ಟೊಫರ್ ರಷ್ ಎಂದು ಹೇಳಬಲ್ಲವರಾದರು. ಇಂದು ನಮ್ಮಲ್ಲೂ ಹೊಸ ಆಟ ಕಟ್ಟಿಕೊಂಡು ಚಿತ್ರಕಾರರನ್ನು ಹುಡುಕುವವರಿದ್ದಾರೆ. ಪಕ್ಕದ ಕಲಾಶಾಲೆಯ ಬಾಗಿಲು ತಟ್ಟಿ, ಬರೆದವರ ಹೆಸರು ಹಾಕಿ, ಮೂಲಚಿತ್ರ ಅವರಿಗೇ ಬಿಟ್ಟು, ದ್ವೀಪ ಕೇಳಿದ್ದಕ್ಕೆ ಹಕ್ಕಿ ಬಂದರೆ ಅದಕ್ಕೂ ಜಾಗ ಮಾಡಿಕೊಟ್ಟರೆ, ಕೊಂಡುಕೊಂಡ ಚಿತ್ರಕ್ಕಿಂತ ಎಷ್ಟೋ ಹೆಚ್ಚಿನದು ಅವರ ಆಟಕ್ಕೆ ಸೇರುತ್ತದೆ.